ಗಾಜಿನೊಳಗಿನ ಕುರ್ಚಿ

ನಮ್ಮ ಅಂಗಡಿಯಲ್ಲಿ ಕೂರುವ ಹಕ್ಕಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ಗಲ್ಲಾಪೆಟ್ಟಿಗೆಯ ಹಿಂದಿನ ಯಜಮಾನರು. ಇನ್ನೊಬ್ಬಳು ಪ್ಲಾಸ್ಟಿಕ್ಕಿನವಳು.

ರಸ್ತೆಯ ಕಡೆಗಿದ್ದ ದೊಡ್ಡ ಗಾಜಿನ ಹಿಂದೆ, ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ, ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೆ ಆ ಗೊಂಬೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಿದ್ದಳು. ವಾರಕ್ಕೊಂದು ಹೊಸ ಉಡುಪು. ಬೆವರಿಲ್ಲ, ಬೈಸಿಕೊಳ್ಳುವುದಿಲ್ಲ, ಗಿರಾಕಿ ರಾಶಿ ಥಾನು ಬಿಚ್ಚಿಸಿ "ಆಮೇಲೆ ಬರ್ತೀನಿ" ಎಂದು ಹೊರಟರೆ ಹಲ್ಲು ಕಚ್ಚಿಕೊಂಡು ನಗುವ ಕರ್ಮವೂ ಇಲ್ಲ. ನಾವು ಹೆಂಗಸರು ಅವಳಿಗೆ ಯಜಮಾನ್ತಿ ಎಂದು ಹೆಸರಿಟ್ಟಿದ್ದೆವು. ದಿನವೂ ಅವಳ ಮೈಮೇಲಿನ ಧೂಳು ಒರೆಸುವ ಕೆಲಸ ನನ್ನದು. ಒರೆಸುವಾಗೆಲ್ಲ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ನಾನು ಪರದೆ ಬಟ್ಟೆಯ ವಿಭಾಗದವಳು. ಥಾನು ಇಳಿಸುವುದು, ಮೇಜಿನ ಮೇಲೆ ಹರಡುವುದು, ಮೀಟರ್ ಕಡ್ಡಿ ಹಿಡಿದು ಅಳೆಯುವುದು, ಕತ್ತರಿಸುವುದು, ಉಳಿದದ್ದನ್ನು ಸುತ್ತಿ ಮತ್ತೆ ಮೇಲಕ್ಕೆ ಹತ್ತಿಸುವುದು. ಎಲ್ಲವನ್ನೂ ನಿಂತೇ ಮಾಡಬೇಕು. ಗಿರಾಕಿ ಇಲ್ಲದಿದ್ದರೂ ನಿಂತೇ ಇರಬೇಕು. ಒಳಗೆ ಕಾಲಿಟ್ಟವರಿಗೆ ಕೂತ ಹೆಂಗಸು ಕಂಡರೆ ಅಂಗಡಿಗೆ ವ್ಯಾಪಾರವಿಲ್ಲ ಎಂದುಕೊಳ್ಳುತ್ತಾರೆ ಎಂದು ಯಜಮಾನರ ತಂದೆ ಯಾವ ಕಾಲದಲ್ಲೋ ಹೇಳಿದ್ದರಂತೆ. ಆ ಪುಣ್ಯಾತ್ಮ ಹೋಗಿ ಎಷ್ಟೋ ವರ್ಷವಾಗಿತ್ತು, ಮಾತು ಮಾತ್ರ ನಮ್ಮನ್ನು ಬಿಟ್ಟು ಹೋಗಿರಲಿಲ್ಲ. ಮೇಜಿನ ಹಿಂದೆ ಒಂದು ಮುರುಕಲು ಸ್ಟೂಲೂ ಇರಲಿಲ್ಲ. ಸುತ್ತಿಟ್ಟ ಥಾನಿನ ಮೇಲೆ ಕೂತರಂತೂ ಕೆಲಸ ಹೋದ ಹಾಗೆಯೇ.

ಇದನ್ನೆಲ್ಲ ಕಾಯಲು ಒಬ್ಬ ಸೂಪರ್‌ವೈಸರ್ ಇದ್ದ. ಯಾರಾದರೂ ಮೇಜಿಗೆ ಸ್ವಲ್ಪ ಒರಗಿದರೆ ಸಾಕು, ಎಲ್ಲಿದ್ದನೋ ಏನೋ, ಪ್ರತ್ಯಕ್ಷನಾಗಿ "ನೆಟ್ಟಗೆ, ನೆಟ್ಟಗೆ" ಎನ್ನುತ್ತಿದ್ದ. ಹಾಗಾಗಿ ಅವನು ನೆಟ್ಟಗೆ ಸಾರ್. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಬೈಯುವುದಾದರೂ ಸಲೀಸಾಗಿರುತ್ತಿತ್ತು. ಸೊಂಟ ನೋವು, ಕಾಲು ನೋವು ಎಂದವರಿಗೆ ತನ್ನ ಮೇಜಿನ ಖಾನೆಯಿಂದ ಒಂದು ಬಿಳಿ ಮಾತ್ರೆ ತೆಗೆದು, ನೀರಿನ ಲೋಟವನ್ನೂ ತಾನೇ ತುಂಬಿಕೊಡುತ್ತಿದ್ದ. ಅದಕ್ಕೆ ನಾವು ಪೆಪ್ಪರಮಿಂಟು ಎನ್ನುತ್ತಿದ್ದೆವು. ಅಂಗಡಿಯ ಖರ್ಚಿನಲ್ಲೇ ಬರುತ್ತಿದ್ದ ಮಾಲು. ಮಾತ್ರೆ ತರಿಸುವವರು ಸ್ಟೂಲು ಯಾಕೆ ತರಿಸುವುದಿಲ್ಲ ಎಂಬ ಪ್ರಶ್ನೆ ಆಗ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ನನ್ನನ್ನು ಈ ಅಂಗಡಿಗೆ ಸೇರಿಸಿದ್ದು ನನ್ನ ಅತ್ತೆ. ಅದೇ ವಿಭಾಗ, ಅದೇ ಮೇಜು, ಅವರ ಆಯುಷ್ಯವೆಲ್ಲ ಅಲ್ಲೇ ಸವೆದದ್ದು. ಮಾವ ಬೇಗ ತೀರಿಕೊಂಡ ಮೇಲೆ ಅಲ್ಲಿ ನಿಂತೇ ಮಗನನ್ನು ಸಾಕಿದರು, ತಲೆ ಮೇಲೊಂದು ಸೂರು ಮಾಡಿದರು. ಮಂಡಿ ಕೈಕೊಟ್ಟಾಗ ಸೊಸೆಯನ್ನು ಕರೆತಂದು ತಮ್ಮ ಜಾಗದಲ್ಲಿ ನಿಲ್ಲಿಸಿದರು. ಯಜಮಾನರು ಹೊಸಬರಿಗೆಲ್ಲ ಅವರ ಕಥೆ ಹೇಳುತ್ತಿದ್ದರು. "ಒಂದೇ ಒಂದು ದಿನ ಕೂತವರಲ್ಲ. ಅವರು ಈ ಅಂಗಡಿಯ ಕಂಬ." ಅತ್ತೆಯೂ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿ ಎದೆ ಉಬ್ಬಿಸುತ್ತಿದ್ದರು. ಆ ಕಂಬ ಆಗಲೇ ಕೋಲು ಹಿಡಿಯದೆ ಬಚ್ಚಲಿಗೂ ಹೋಗಲಾರದಾಗಿತ್ತು ಎಂಬುದನ್ನು ಮಾತ್ರ ಇಬ್ಬರೂ ಹೇಳುತ್ತಿರಲಿಲ್ಲ.

ನನ್ನ ಸೊಂಟ ಹಿಡಿದುಕೊಳ್ಳಲು ಶುರುವಾದದ್ದು ಯಾವಾಗ ಎಂದು ನೆನಪಿಲ್ಲ. ಮೊದಮೊದಲು ಸಂಜೆಯ ಹೊತ್ತಿಗೆ ಬರುತ್ತಿತ್ತು. ಆಮೇಲೆ ಮಧ್ಯಾಹ್ನಕ್ಕೇ ಬಂತು. ಕೊನೆಕೊನೆಗೆ ನನಗಿಂತ ಮೊದಲೇ ಎದ್ದು ಹಾಸಿಗೆಯಲ್ಲಿ ಕಾಯುತ್ತಿತ್ತು. ಅತ್ತೆಯ ಮಂಡಿಗೆಂದು ನೆಟ್ಟಗೆ ಸಾರ್ ನನ್ನ ಕೈಯಲ್ಲಿ ಪೆಪ್ಪರಮಿಂಟಿನ ಹಾಳೆ ಕಳಿಸುತ್ತಿದ್ದ. ನಾನೂ ತಿಂದೆ. ಒಂದು ಹೋಗಿ ಎರಡಾಯಿತು, ಎರಡು ಹೋಗಿ ಲೆಕ್ಕ ತಪ್ಪಿತು.

ಹೀಗಿರುವಾಗ ಒಂದು ದಿನ ಗಿರಾಕಿಯೊಬ್ಬರಿಗೆ ನೀಲಿ ಪರದೆ ಹರಡಿ ತೋರಿಸುತ್ತಿದ್ದೆ. ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ, ನೀಲಿ ಬಟ್ಟೆಯ ಮೇಲೆ ಕಪ್ಪಗೆ ಬಿತ್ತು. ಅದು ರಕ್ತ ಎಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ. ನೆಟ್ಟಗೆ ಸಾರ್ ಮೊದಲು ನೋಡಿದ್ದು ಬಟ್ಟೆಯನ್ನು, ಆಮೇಲೆ ನನ್ನನ್ನು.

"ಹೊಟ್ಟೆಯಲ್ಲಿ ಹುಣ್ಣಾಗಿದೆಯಮ್ಮ," ಎಂದರು ಡಾಕ್ಟರು. "ನೋವಿನ ಮಾತ್ರೆ ನುಂಗಿ ನುಂಗಿ ಆಗಿರೋದು. ಇನ್ಮುಂದೆ ಅದನ್ನ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ನಾನು ಜವಾಬ್ದಾರನಲ್ಲ."

"ಮತ್ತೆ ಸೊಂಟ?"

ಅವರು ಇನ್ನೊಂದು ಬಗೆಯ ಮಾತ್ರೆ ಬರೆದುಕೊಟ್ಟರು. ಹೊಟ್ಟೆಗೇನೂ ಮಾಡುವುದಿಲ್ಲ, ಸ್ವಲ್ಪ ಮಂಪರು ಬರಬಹುದು ಎಂದರು. ಸ್ವಲ್ಪವೇ! ಅದನ್ನು ನುಂಗಿ ಕೆಲಸಕ್ಕೆ ಹೋದವಳು ಗಿರಾಕಿಯ ಬಾಗಿಲಿನ ಪರದೆಯನ್ನು ಕಿಟಕಿಯ ಅಳತೆಗೆ ಕತ್ತರಿಸಿಟ್ಟೆ. ಅತ್ತೆಯ ಮೇಜಿನ ಮೇಲೆ ಅಂಥ ತಪ್ಪು ಎಂದೂ ಆಗಿರಲಿಲ್ಲವಂತೆ. ಮಾತ್ರೆಯನ್ನು ಅಂದೇ ಕಸದ ಬುಟ್ಟಿಗೆ ಹಾಕಿ, ಆಸ್ಪತ್ರೆಗೆ ಹೋಗಿ ಡಾಕ್ಟರಿಗೂ ಹೇಳಿಬಂದೆ. ಹೊಟ್ಟೆಯ ಔಷಧಿಯನ್ನು ಹೇಳಿದಷ್ಟು ದಿನ ತಪ್ಪದೆ ಕುಡಿದೆ, ಅದು ಬೇರೆ ಮಾತು. ಆದರೆ ನೋವಿಗೆ ಮಾತ್ರೆ ಎಂಬ ದಾರಿ ನನಗೆ ಅಲ್ಲಿಗೆ ಮುಚ್ಚಿತು. ನೋವು ಮಾತ್ರ ಮನೆ ಖಾಲಿ ಮಾಡಲಿಲ್ಲ. ನಿಲ್ಲಲಾಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಗಂಡನೊಬ್ಬನ ದುಡಿಮೆಯಲ್ಲಿ ಮೂರು ಬಾಯಿ ತುಂಬುವುದಿಲ್ಲ. ನನ್ನ ಪರಿಸ್ಥಿತಿ ಇಷ್ಟೇ.

ಮಾತ್ರೆ ಇಲ್ಲ ಎಂದು ಗೊತ್ತಾದದ್ದೇ ತಡ, ಊರಿಗೆ ಊರೇ ವೈದ್ಯರಾಯಿತು. ಅತ್ತೆ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟರು. ಅದು ನಿಜವಾಗಿಯೂ ಹಿತವಾಗಿತ್ತು. ಬೈಯುತ್ತಲೇ ಕೊಡುತ್ತಿದ್ದರು, ಆದರೆ ಕೈ ಮೃದುವಾಗಿತ್ತು. ಪಕ್ಕದ ಮನೆಯಾಕೆ ಸೂಜಿ ಚುಚ್ಚಿ ನೋವು ಇಳಿಸುವ ಒಬ್ಬರ ಹತ್ತಿರ ಕರೆದುಕೊಂಡು ಹೋದಳು. ದಿನವೆಲ್ಲ ಗುಂಡುಸೂಜಿ ಚುಚ್ಚಿಸಿಕೊಳ್ಳುವ ಕೈ ನನ್ನದು, ಬೆನ್ನಿಗೆ ನಾಲ್ಕು ಬಿದ್ದರೆ ಏನು ಮಹಾ ಎಂದು ಮಲಗಿದೆ. ಎರಡು ದಿನ ಹಗುರವೆನಿಸಿತು, ಮೂರನೆಯ ದಿನ ಮೇಜಿನ ಮುಂದೆ ನಿಂತೊಡನೆ ಮತ್ತೆ ಅದೇ ಹಾಡು.

ನನ್ನ ಗಂಡ ಬಸ್ಸಿನ ಡ್ರೈವರ್. ಅವರಿಗೂ ಬೆನ್ನು ನೋವೇ. "ನಾನು ಕೂತೂ ಕೂತೂ ಸತ್ತೆ, ನೀನು ನಿಂತೂ ನಿಂತೂ ಸತ್ತೆ. ನಾಳೆಯಿಂದ ನೀನು ಬಸ್ಸು ಓಡ್ಸು, ನಾನು ಪರದೆ ಮಾರ್ತೀನಿ," ಎನ್ನುತ್ತಿದ್ದರು. ಅವರು ಯಾರೋ ಪ್ರಯಾಣಿಕನ ಮಾತು ಕೇಳಿ ನನಗೊಂದು ಅಯಸ್ಕಾಂತದ ಬೆಲ್ಟು ತಂದರು. ಸೊಂಟಕ್ಕೆ ಕಟ್ಟಿಕೊಂಡರೆ ನೋವನ್ನೆಲ್ಲ ಎಳೆದುಬಿಡುತ್ತದಂತೆ. ಕಟ್ಟಿಕೊಂಡು ಅಂಗಡಿಗೆ ಹೋದೆ. ಬಟ್ಟೆ ಅಂಗಡಿ ಎಂದರೆ ಗುಂಡುಸೂಜಿಯ ಗಣಿ ಎಂಬುದು ನಮ್ಮಿಬ್ಬರ ತಲೆಗೂ ಹೋಗಿರಲಿಲ್ಲ. ಬಾಗಿ ಥಾನು ಎತ್ತಿದ್ದೇ ತಡ, ಮೇಜಿನ ಮೇಲಿದ್ದ ಸೂಜಿಗಳೆಲ್ಲ ಮುಳ್ಳಿನಂತೆ ಹೊಟ್ಟೆಯ ಸುತ್ತ ನಿಂತವು. ಹಿಂದೆಯೇ ಕತ್ತರಿ ಬಂದು ಠಪ್ಪೆಂದು ಅಂಟಿತು. ಗಿರಾಕಿ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದು, "ನಿಮ್ಗೆ ಯಾರಾದ್ರೂ ಮಾಟ ಮಾಡ್ಸಿದಾರಾ?" ಎಂದು ಕೇಳಿದಳು. ಬೆಲ್ಟು ನೋವನ್ನು ಬಿಟ್ಟು ಉಳಿದದ್ದನ್ನೆಲ್ಲ ಎಳೆಯಿತು.

ಕೊನೆಗೆ ಡಾಕ್ಟರೇ ನನ್ನನ್ನು ಆಸ್ಪತ್ರೆಯ ನೆಲಮಾಳಿಗೆಗೆ ಕಳಿಸಿದರು. ಅಲ್ಲಿ ಮೈಕೈ ನೋವಿಗೆ ವ್ಯಾಯಾಮ ಹೇಳಿಕೊಡುವ ಒಬ್ಬ ಹೆಂಗಸು ಇದ್ದರು. ಪೈಲ್ವಾನರ ಹೆಗಲು, ಮಾತು ನೇರ. ನಡೆಸಿ ನೋಡಿದರು, ಬಾಗಿಸಿ ನೋಡಿದರು, ಒತ್ತಿ ನೋಡಿದರು.

"ದಿನಕ್ಕೆ ಎಷ್ಟು ಹೊತ್ತು ನಿಲ್ತೀರಿ?"

"ಅಂಗಡಿ ತೆಗೆದಾಗಿಂದ ಮುಚ್ಚೋ ತನಕ."

"ಮಧ್ಯದಲ್ಲಿ ಕೂರಲ್ವಾ?"

"ಕೂರೋಕೆ ಅಲ್ಲಿ ನಾನೇನು ಗೊಂಬೇನಾ?"

ಅವರಿಗೆ ಅರ್ಥವಾಗಲಿಲ್ಲ. ಯಜಮಾನ್ತಿಯ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿಸಿ ಗಂಭೀರವಾದರು. "ನಿಮ್ಮ ಬೆನ್ನು ಮುರಿದಿಲ್ಲ, ದಣಿದಿದೆ. ಮನುಷ್ಯರ ಮೈಗೆ ಒಂದೇ ಭಂಗಿ ಆಗಿಬರಲ್ಲ. ಸ್ವಲ್ಪ ನಿಲ್ಲಿ, ಸ್ವಲ್ಪ ಕೂತ್ಕೊಳ್ಳಿ, ಸ್ವಲ್ಪ ಓಡಾಡಿ. ನಿಮಗೆ ಬೇಕಿರೋ ಔಷಧಿ ಅಂದ್ರೆ ಒಂದು ಕುರ್ಚಿ."

ಅವರು ಕಲಿಸಿದ್ದೆಲ್ಲ ಸುಲಭದ್ದೇ. ನೆಲದ ಮೇಲೆ ಅಂಗಾತ ಮಲಗಿ ಕಾಲೆರಡನ್ನೂ ಗೋಡೆಗೆ ಆನಿಸಿ ಮೇಲೆತ್ತುವುದು. ಸೊಂಟವನ್ನು ಮೆಲ್ಲಗೆ ನೆಲಕ್ಕೆ ಒತ್ತಿ ಬಿಡುವುದು. ನೋವು ಹಿಡಿದಾಗ ಉಸಿರು ಬಿಗಿಹಿಡಿಯದೆ ಉದ್ದಕ್ಕೆ ಹೊರಗೆ ಬಿಡುವುದು. ನಿಂತಾಗ ಒಂದು ಕಾಲನ್ನು ಚಿಕ್ಕ ಪೆಟ್ಟಿಗೆಯ ಮೇಲಿಟ್ಟು, ಆಮೇಲೆ ಕಾಲು ಬದಲಿಸುವುದು. ಮೊದಲ ಸಲ ಗೋಡೆಗೆ ಕಾಲಿಟ್ಟು ಮಲಗಿದಾಗ ನನಗೆ ಅಳು ಬಂತು. ನೋವಿಗಲ್ಲ. ನೋವು ಇಳಿಯುವುದು ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು ನನಗೆ.

ಮಾರನೆಯ ದಿನ ಯಜಮಾನರ ಮುಂದೆ ಹೋಗಿ ಸ್ಟೂಲು ಕೇಳಿದೆ. ಗಿರಾಕಿ ಇಲ್ಲದಿದ್ದಾಗ ಮಾತ್ರ ಕೂರುತ್ತೇನೆ, ಬಂದರೆ ಏಳುತ್ತೇನೆ ಎಂದೆ.

ಅವರು ತಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನಿಮ್ಮತ್ತೆ ಒಂದು ದಿನಾನೂ ಕೇಳ್ಲಿಲ್ಲ."

"ಅತ್ತೆ ಮಂಡಿ ಈಗ ಹೇಗಿದೆ ಅಂತ ನೀವೂ ಒಂದು ದಿನಾನೂ ಕೇಳ್ಲಿಲ್ಲ."

ಬಾಯಿಬಡುಕಿ ಎಂದು ಮನೆಯಲ್ಲಿ ಸುಮ್ಮನೆ ಕರೆಯುತ್ತಾರೆಯೇ? ಯಜಮಾನರ ಮುಖ ಬಿಗಿಯಿತು. "ಒಬ್ಬರಿಗೆ ಕೊಟ್ರೆ ಎಲ್ರಿಗೂ ಕೊಡ್ಬೇಕು. ಅಂಗಡೀನ ಆಸ್ಪತ್ರೆ ಮಾಡೋಕಾಗಲ್ಲ. ಹೋಗಿ ಕೆಲ್ಸ ನೋಡಿ," ಎಂದರು.

ಆಯಿತು, ನೋಡಿದೆ. ನಮ್ಮ ವಿಭಾಗದ ಮೂಲೆಯಲ್ಲಿ ಬಟ್ಟೆ ತೊಟ್ಟು ನೋಡುವ ಟ್ರಯಲ್ ರೂಮು ಇದೆ. ಪರದೆ ಕೊಳ್ಳುವವರಿಗೆ ಅದರ ಕೆಲಸವಿಲ್ಲ, ಅಂಗಿ ಕೊಳ್ಳುವವರು ಅಲ್ಲಿಯವರೆಗೆ ಬರುವುದು ಅಪರೂಪ. ಮಧ್ಯಾಹ್ನ ಊಟದ ಡಬ್ಬಿ ಬೇಗ ಮುಗಿಸಿ ಅಲ್ಲಿಗೆ ನುಗ್ಗಿ, ಹಳೆಯ ಚಾದರ ಹಾಸಿ, ಕನ್ನಡಿಯ ಪಕ್ಕದ ಗೋಡೆಗೆ ಕಾಲು ಹಚ್ಚಿ ಮಲಗಲು ಶುರು ಮಾಡಿದೆ. ಉಸಿರು ಉದ್ದಕ್ಕೆ ಬಿಡುತ್ತಾ ಸ್ವಲ್ಪ ಹೊತ್ತು ಮಲಗಿ ಎದ್ದರೆ ಸಂಜೆಯವರೆಗೆ ಹೇಗೋ ತಳ್ಳಬಹುದಿತ್ತು. ಮೇಜಿನ ಕೆಳಗೆ ದಾರದ ಖಾಲಿ ಪೆಟ್ಟಿಗೆಯನ್ನು ಬಚ್ಚಿಟ್ಟು ಅದರ ಮೇಲೆ ಒಂದೊಂದೇ ಕಾಲು ಇಡುತ್ತಿದ್ದೆ. ಮನೆಯಲ್ಲಿ ಅತ್ತೆಯ ಉಪ್ಪಿನ ಗಂಟು. ಎಷ್ಟೋ ತಿಂಗಳಲ್ಲಿ ಮೊದಲ ಬಾರಿಗೆ, ಒಂದೂ ಮಾತ್ರೆ ಇಲ್ಲದೆ, ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದೆ. ನನ್ನ ಗಂಡ ಕನ್ನಡಿಯಲ್ಲಿ ಅದನ್ನು ನೋಡಿ ಹಾರ್ನ್ ಒತ್ತಿದರು.

ಸುಖ ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಯಾರೋ ಹೆಂಗಸು ಅಂಗಿ ಹಿಡಿದು ಬಂದವಳು ಟ್ರಯಲ್ ರೂಮಿನ ಪರದೆ ಸರ್ರನೆ ಎಳೆದಳು. ಗೋಡೆಗೆ ಹಚ್ಚಿದ ಎರಡು ಕಾಲು, ಕೆಳಗೆ ಕಣ್ಣು ಮುಚ್ಚಿದ ಹೆಣದಂಥ ನಾನು. ಆಕೆ ಕಿರುಚಿದ ರಭಸಕ್ಕೆ ಬೀದಿಯ ಜನ ಒಳಗೆ ಬಂದರು. ನಾನು ಎದ್ದು ಕೂತು, "ಬನ್ನಿ ಮೇಡಂ, ಖಾಲಿ ಇದೆ," ಎಂದೆ. ಆಕೆ ಇನ್ನೂ ಜೋರಾಗಿ ಕಿರುಚಿದಳು.

ಯಜಮಾನರು ಎಲ್ಲರ ಮುಂದೆಯೇ ತೀರ್ಪು ಕೊಟ್ಟರು. "ನಾಳೆಯಿಂದ ಎಲ್ರ ಹಾಗೆ ಮಾತ್ರೆ ತಗೊಂಡು ನೆಟ್ಟಗೆ ನಿಲ್ಲೋದಾದ್ರೆ ಬನ್ನಿ. ಇಲ್ಲಾಂದ್ರೆ ಬರ್ಬೇಡಿ."

"ಆ ಮಾತ್ರೆ ತಿಂದ್ರೆ ನಾನು ಸಾಯ್ತೀನಿ, ಸಾರ್."

"ಊಟ ಆದ್ಮೇಲೆ ತಗೋಬೇಕು," ಎಂದ ನೆಟ್ಟಗೆ ಸಾರ್, ಪಾಪ, ಸಹಾಯ ಮಾಡುವವನಂತೆ.

ಮನೆಗೆ ಬಂದು ಹೇಳಿದೆ. ಅತ್ತೆ ನನ್ನ ಪರ ನಿಲ್ಲುತ್ತಾರೆ ಎಂಬ ಆಸೆ ಒಳಗೊಳಗೇ ಇತ್ತು. ಅವರು ಕೋಲನ್ನು ನೆಲಕ್ಕೆ ಕುಟ್ಟಿದರು.

"ನನ್ನ ಮಾನ ಕಳೆದ್ಯಲ್ಲೇ! ಗಿರಾಕಿ ಮುಂದೆ ಕಾಲೆತ್ಕೊಂಡು ಮಲಗೋದಾ? ನಾನು ಜ್ವರ ಬಂದಾಗ್ಲೂ ನಿಂತಿದ್ದೆ. ಇವನನ್ನ ಹೊಟ್ಟೇಲಿ ಹೊತ್ಕೊಂಡಾಗ್ಲೂ ನಿಂತಿದ್ದೆ. ನಾನು ನಿಂತಿದ್ದಕ್ಕೆ ಈ ಮನೆ ನಿಂತಿದೆ."

"ನಿಮ್ಮ ಮಂಡಿ ನಿಂತಿದೆಯಾ, ಅತ್ತೆ?"

ಬಾಯಿಂದ ಬಿದ್ದ ಮೇಲೆ ನನಗೇ ಚುಚ್ಚಿತು. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಎದ್ದರು. ಏಳಲು ಬಹಳ ಹೊತ್ತು ಬೇಕಾಯಿತು, ಮೊದಲು ಕೋಲು, ಆಮೇಲೆ ಮೇಜಿನ ಅಂಚು, ಆಮೇಲೆ ಗೋಡೆ. ಹಿಡಿಯಲು ಹೋದೆ, ಕೈ ಕೊಡವಿದರು. ಆ ಸಂಜೆ ಉಪ್ಪಿನ ಗಂಟು ಬರಲಿಲ್ಲ.

ನನಗೆ ಸಿಟ್ಟಿತ್ತು. ಅತ್ತೆಯ ಮೇಲಲ್ಲ, ಯಜಮಾನರ ಮೇಲೂ ಪೂರ್ತಿಯಲ್ಲ. ಆ ಮಖಮಲ್ಲಿನ ಕುರ್ಚಿಯ ಮೇಲೆ. ಪ್ಲಾಸ್ಟಿಕ್ಕಿನ ಸೊಂಟಕ್ಕೆ ಅಷ್ಟು ಮರ್ಯಾದೆ, ಮೂಳೆ ಮಾಂಸದ ಸೊಂಟಕ್ಕೆ ಪೆಪ್ಪರಮಿಂಟು! ಬೆಳಗಾಗುವ ಹೊತ್ತಿಗೆ ಏನು ಮಾಡಬೇಕೆಂದು ಗೊತ್ತಾಗಿತ್ತು. ಹೆದರಿಕೆಯೂ ಇತ್ತು. ಆದರೆ ಒಮ್ಮೆ ರಕ್ತ ಕಾರಿದವಳಿಗೆ ಎಷ್ಟು ಅಂತ ಹೆದರಿಕೆ ಇರುತ್ತದೆ ಹೇಳಿ.

ಅಂಗಡಿಯ ಬಾಗಿಲು ತೆರೆದೊಡನೆ ಎಂದಿನಂತೆ ಅಂಗಡಿಯವರು ಕೊಟ್ಟ ಕಂದು ಬಣ್ಣದ ಕೋಟು ತೊಟ್ಟು, ಧೂಳು ಒರೆಸುವ ಬಟ್ಟೆ ಹಿಡಿದು ಗಾಜಿನೊಳಗೆ ಹೋದೆ. ಯಜಮಾನ್ತಿಯನ್ನು ಎರಡೂ ಕೈಯಲ್ಲಿ ಎತ್ತಿದೆ. ಅಷ್ಟು ದಿನ ಅಸೂಯೆಪಟ್ಟದ್ದು ಇಷ್ಟು ಹಗುರಾದ ಹೆಂಗಸಿನ ಮೇಲೆಯೇ ಎನಿಸಿತು. ನಿಲ್ಲಿಸಿ ನೋಡಿದೆ, ನಿಲ್ಲಲಿಲ್ಲ. ಅವಳನ್ನು ಮಾಡಿರುವುದೇ ಕೂರಲಿಕ್ಕೆ. ಟ್ರಯಲ್ ರೂಮಿಗೆ ಒಯ್ದು, ನನ್ನ ಚಾದರದ ಮೇಲೆ ಮಲಗಿಸಿ, ಮಡಚಿದ ಕಾಲನ್ನು ಗೋಡೆಗೆ ಆನಿಸಿದೆ. ಅವಳಿಗೂ ಸ್ವಲ್ಪ ಆರಾಮವಾಗಲಿ. ಆಮೇಲೆ ಮೀಟರ್ ಕಡ್ಡಿ, ಕತ್ತರಿ, ಒಂದು ಥಾನು ಹಸಿರು ಪರದೆ ಬಟ್ಟೆ ಎತ್ತಿಕೊಂಡು ಬಂದು ಮಖಮಲ್ಲಿನ ಕುರ್ಚಿಯಲ್ಲಿ ಕೂತೆ.

ಅಯ್ಯೋ, ಏನು ಕುರ್ಚಿ ಅದು! ಬೆನ್ನಿಗೆ ಸರಿಯಾಗಿ ಆನಿಕೆ. ಇಷ್ಟು ದಿನ ಪ್ಲಾಸ್ಟಿಕ್ಕಿಗೆ ದಂಡವಾಗಿತ್ತು.

ಮೊದಲು ನೋಡಿದವನು ನೆಟ್ಟಗೆ ಸಾರ್. ಅಭ್ಯಾಸಬಲದಿಂದ "ನೆಟ್ಟಗೆ" ಎಂದ. ನಾನು ನೆಟ್ಟಗೇ ಕೂತಿದ್ದೆ. ಅವನು ಹೋಗಿ ಯಜಮಾನರನ್ನು ಕರೆತಂದ.

"ಏನಿದು ನಾಟ್ಕ? ಏಳಿ ಮೇಲೆ!"

"ಕೆಲಸ ಮಾಡ್ತಾ ಇದೀನಿ, ಸಾರ್. ನಿಲ್ಲಬೇಕಾದಾಗ ನಿಲ್ತೀನಿ. ಈಗ ಕೂರಬೇಕು."

"ಗೊಂಬೆ ಎಲ್ಲಿ?"

"ಮಲಗಿದ್ದಾರೆ. ಸೊಂಟ ನೋವಂತೆ."

ಅಷ್ಟರಲ್ಲಿ ಗಾಜಿನಾಚೆ ಜನ ನಿಲ್ಲತೊಡಗಿದ್ದರು. ಮೊದಲು ಹಾಲಿನವನು, ಆಮೇಲೆ ಶಾಲೆಗೆ ಹೊರಟ ಮಕ್ಕಳು, ಆಮೇಲೆ ಎದುರಿನ ಬ್ಯಾಂಕಿನ ಕಾವಲುಗಾರ. ಗೊಂಬೆ ಕಣ್ಣು ಮಿಟುಕಿಸಿತು ಎಂದು ಒಂದು ಮಗು ಕುಣಿಯಿತು. ಬೀದಿಯ ಕಣ್ಣೆಲ್ಲ ಇಲ್ಲಿರುವಾಗ ಹೆಂಗಸಿನ ರಟ್ಟೆ ಹಿಡಿದು ಎಳೆಯುವಷ್ಟು ಧೈರ್ಯ ಯಜಮಾನರಿಗಿರಲಿಲ್ಲ. ಹಲ್ಲು ಕಚ್ಚಿಕೊಂಡು, ಬೀದಿಗೆ ಕಾಣುವಂತೆ ನಗುತ್ತಾ, ನನಗೆ ಮಾತ್ರ ಕೇಳುವಂತೆ ಬೈದರು. ಗಿರಾಕಿಯ ಮುಂದೆ ನಗುವ ಕರ್ಮ ಅವರಿಗೂ ಒಂದು ದಿನ ಬಂತಲ್ಲ ಎಂದು ನನಗೆ ಖುಷಿಯಾಯಿತು. ಅದೇ ಹೊತ್ತಿಗೆ ನನ್ನ ಗಂಡನ ಬಸ್ಸು ಅಂಗಡಿಯ ಮುಂದೆ ಹಾದುಹೋಯಿತು. ನಿಂತಿತು. ಪ್ರಯಾಣಿಕರೆಲ್ಲ ಒಂದೇ ಕಡೆಯ ಕಿಟಕಿಗೆ ಬಂದರು. ನನ್ನ ಗಂಡ ತಲೆಯ ಮೇಲೆ ಕೈ ಹೊತ್ತುಕೊಂಡು, ಮತ್ತೆ ಹೊರಟುಹೋದರು.

"ಇರಿ," ಎಂದರು ಯಜಮಾನರು. "ನಿಮ್ಮತ್ತೆಗೆ ಫೋನ್ ಮಾಡ್ತೀನಿ. ಅವರೇ ಬಂದು ಬುದ್ಧಿ ಹೇಳ್ಲಿ."

ಅಲ್ಲಿಯವರೆಗೆ ಇದ್ದ ನನ್ನ ಶೌರ್ಯ ಅರ್ಧಕ್ಕರ್ಧ ಇಳಿಯಿತು. ಯಜಮಾನರಿಗೆ ಎದುರು ಹೇಳುವುದು ಬೇರೆ, ನನ್ನ ಬೆನ್ನಿಗೆ ಉಪ್ಪಿನ ಶಾಖ ಕೊಟ್ಟ ಕೈಗೆ ಎದುರು ಹೇಳುವುದು ಬೇರೆ. ಆದರೂ ಏಳಲಿಲ್ಲ. ಉಸಿರನ್ನು ಉದ್ದಕ್ಕೆ ಬಿಡುತ್ತಾ ಕೂತೆ. ಒಬ್ಬಾಕೆ ಒಳಗೆ ಬಂದು ಹಸಿರು ಪರದೆ ಕೇಳಿದಳು, ಕೂತಲ್ಲೇ ಅಳೆದು ತೋರಿಸಿದೆ. ಒಂದು ಬೆರಳಷ್ಟೂ ತಪ್ಪಲಿಲ್ಲ.

ಬಸ್ಸು ತನ್ನ ಸುತ್ತು ಮುಗಿಸಿ ಮತ್ತೆ ಬಂದಾಗ ಅದರಿಂದ ಅತ್ತೆ ಇಳಿದರು. ನನ್ನ ಗಂಡ ಕೈ ಹಿಡಿದಿದ್ದರು. ಅತ್ತೆ ತಮ್ಮ ಹಳೆಯ ಕಂದು ಕೋಟು ತೊಟ್ಟಿದ್ದರು, ಗುಂಡಿಯನ್ನೆಲ್ಲ ಹಾಕಿ, ತಲೆ ಬಿಗಿಯಾಗಿ ಬಾಚಿ. ಸೊಸೆ ಕಳೆದ ಮಾನವನ್ನು ತಾವೇ ನಿಂತು ಉಳಿಸಲು ಬಂದಿದ್ದಾರೆ ಎಂದುಕೊಂಡೆ. ಯಜಮಾನರಿಗೂ ಹಾಗೇ ಅನಿಸಿರಬೇಕು, ಮುಖ ಅರಳಿತು. ತಾವೇ ಹೋಗಿ ಬಾಗಿಲು ಹಿಡಿದರು.

"ಬನ್ನಿ ಅಮ್ಮ, ಬನ್ನಿ. ನೀವೇ ಹೇಳಿ ಇವ್ರಿಗೆ. ನಿಮ್ಮ ಕಾಲದಲ್ಲಿ ಹೇಗಿತ್ತು ಅಂತ."

ಅತ್ತೆ ಅವರತ್ತ ನೋಡಲಿಲ್ಲ. ಕೋಲೂರುತ್ತಾ ಗಾಜಿನೊಳಗೆ ಬಂದು ನನ್ನ ಮುಂದೆ ನಿಂತರು.

"ಏಳೇ."

"ಏಳಲ್ಲ, ಅತ್ತೆ." "ನಿನ್ನೆ ಅಂದದ್ದಕ್ಕೆ ನನ್ನ ಹೊಡೀರಿ ಬೇಕಾದ್ರೆ. ಆದ್ರೆ ಏಳಲ್ಲ. ಎದ್ರೆ ನಾಳೆ ನಿಮ್ಮ ಕೋಲು ನನಗೆ ಬೇಕಾಗುತ್ತೆ."

"ಏಳು ಅಂದ್ರೆ ಏಳಬೇಕು. ನನ್ನ ಮಂಡಿ ನಡುಗ್ತಾ ಇರೋದು ಕಾಣ್ಸಲ್ವಾ ನಿನಗೆ?"

ನಡುಗುತ್ತಿತ್ತು. ನಾನು ಗಡಬಡಿಸಿ ಎದ್ದೆ. ಅತ್ತೆ ಕೋಲನ್ನು ನನ್ನ ಕೈಗೆ ಕೊಟ್ಟು, ಕುರ್ಚಿಯ ಕೈಗಳನ್ನು ಹಿಡಿದು, ಮೆಲ್ಲಗೆ, ಬಹಳ ಮೆಲ್ಲಗೆ ಅದರೊಳಗೆ ಇಳಿದರು. ಬೆನ್ನು ಒರಗಿಸಿದರು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅಂಗಡಿಯ ಹೆಂಗಸರೆಲ್ಲ ತಮ್ಮ ತಮ್ಮ ಮೇಜು ಬಿಟ್ಟು ಬಂದು ನಿಂತಿದ್ದರು, ನೆಟ್ಟಗೆ ಸಾರ್ ಅವರಿಗೆ ದಾರಿ ಬಿಟ್ಟು ಸರಿದ.

ಅತ್ತೆ ಕಣ್ಣು ತೆರೆದು ಯಜಮಾನರನ್ನು ನೋಡಿದರು. "ಈಗ ಎಬ್ಸಿ, ನೋಡೋಣ."

"ಅಮ್ಮಾ, ನೀವೇ ಹೀಗೆ ಮಾಡಿದ್ರೆ ಹೇಗೆ? ನೀವು ಈ ಅಂಗಡಿಯ ಕಂಬ."

"ಕಂಬ ಕಂಬ ಅಂತ್ಲೇ ನಿಲ್ಲಿಸಿಬಿಟ್ರಿ. ನಾನೂ ಹಿಗ್ಗಿ ನಿಂತೆ." ಅತ್ತೆ ಕುರ್ಚಿಯ ಮಖಮಲ್ಲನ್ನು ಸವರಿದರು. "ನನಗೂ ಕೂರಬೇಕು ಅನ್ಸಿತ್ತು ಕಣ್ರೀ. ದಿನಾ ಅನ್ಸಿತ್ತು. ಇಲ್ಲಿ ನಿಂತ್ಕೊಂಡು ಈ ಕುರ್ಚೀನೇ ನೋಡ್ತಿದ್ದೆ."

ಅದು ನನಗೂ ಗೊತ್ತಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ 'ಅಮ್ಮ' ಎಂದಷ್ಟೇ ಹೇಳಿ, ಬಸ್ಸಿನಲ್ಲಿ ಕಾಯುತ್ತಿದ್ದವರನ್ನೂ ಮರೆತು ಅಲ್ಲೇ ನಿಂತುಬಿಟ್ಟರು.

ಅತ್ತೆ ಕೋಟಿನ ಜೇಬಿನಿಂದ ಪೆಪ್ಪರಮಿಂಟಿನ ಹಾಳೆ ತೆಗೆದು ನೆಟ್ಟಗೆ ಸಾರ್‌ಗೆ ಚಾಚಿದರು. "ತಗೋಪ್ಪ, ಇಟ್ಕೋ. ನಮ್ಮನೆಗೆ ಇನ್ನು ಕಳಿಸ್ಬೇಡ." ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ಬಗ್ಗುವಾಗ ಅವನ ಕೈ ತನ್ನ ಸೊಂಟಕ್ಕೆ ಹೋದದ್ದನ್ನು ನಾನು ನೋಡಿದೆ. ಅವನೂ ದಿನವಿಡೀ ನಿಂತವನೇ ಅಲ್ಲವೇ.

"ಪರದೆ ಕತ್ತರಿಸಿ ಕೊಡ್ತೀರೋ, ಬೇರೆ ಅಂಗಡಿಗೆ ಹೋಗ್ಲೋ?" ಎಂದಳು ಹಸಿರು ಬಟ್ಟೆಯ ಗಿರಾಕಿ.

"ಕೊಡ್ತಾಳೆ, ಇರಿ ತಾಯಿ," ಎಂದರು ಅತ್ತೆ. ಆಮೇಲೆ ಯಜಮಾನರ ಕಡೆಗೆ ತಿರುಗಿ, ಆ ಮೇಜನ್ನು ಆಳಿದ ಕಾಲದ ದನಿಯಲ್ಲಿ ಹೇಳಿದರು: "ನನ್ನ ಸೊಸೆಗೂ ಒಂದು ಕುರ್ಚಿ ತರ್ಸಿ. ಗಿರಾಕಿ ಕಾಯ್ತಾ ಇದ್ದಾರೆ."

ನೆಟ್ಟಗೆ ಸಾರ್ ಯಜಮಾನರ ಮುಖ ನೋಡಿದ. ಯಜಮಾನರು ಗಾಜಿನಾಚೆಯ ಬೀದಿಯನ್ನು ನೋಡಿದರು. ಬೀದಿ ಕದಲಲಿಲ್ಲ. ಆ ಅಂಗಡಿಯಲ್ಲಿ ಇನ್ನು ಇದ್ದದ್ದು ಒಂದೇ ಕುರ್ಚಿ. ನೆಟ್ಟಗೆ ಸಾರ್ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು, ನನ್ನ ಮೇಜಿನ ಹಿಂದೆ ಇಟ್ಟ.